ಮಾತು ಉಳಿಯಿತು, ಮಟ್ಟು?

ವಿಜಯದಶಮಿಯ ಸಂಜೆ ಮೈಸೂರಿನ ಜನಪ್ರವಾಹ ಬನ್ನಿಮಂಟಪದ ಕಡೆಗೆ ಹರಿಯುತ್ತದೆ. ನೆರೆಯ ಕೆಸರೆಯವರಿಗಂತೂ ಪಂಜಿನ ಕವಾಯತು ಮನೆಬಾಗಿಲಿನ ಉತ್ಸವವೇ ಸರಿ. ಆದರೆ ಮೈಸೂರಿನ ಹಿರಿಮೆ ಆನೆಕುದುರೆಗಳಿಂದ ಮಾತ್ರ ಬಂದುದಲ್ಲ. ಸಂಗೀತದಿಂದಲೂ ನಾಟಕದಿಂದಲೂ ಬಂದುದು. ಆ ಎರಡೂ ಕೂಡಿದ ನಗೆನಾಟಕದ ಗತಿ ಏನಾಯಿತೆಂಬುದು ವಿಚಾರಿಸತಕ್ಕ ಸಂಗತಿ.

1881ರಲ್ಲಿ ಮೈಸೂರಿನ ಆಡಳಿತ ಮತ್ತೆ ಒಡೆಯರ ಕೈಸೇರಿತು. ಅದೇ ವರ್ಷ ಲಂಡನ್ನಿನಲ್ಲಿ ಸವಾಯ್ ರಂಗಮಂದಿರ ತೆರೆಯಿತು. ಅಲ್ಲಿ ಗಿಲ್ಬರ್ಟ್ ಬರೆದ ಚೇಷ್ಟೆಯ ಮಾತಿಗೆ ಸಲಿವನ್ ಸಂಗೀತ ಕೂಡಿಸಿದ 'ಪೇಷೆನ್ಸ್' ಕವಿಗಳ ಸೋಗನ್ನು ಹಾಸ್ಯಮಾಡಿತು. ಇತ್ತ ಅರಮನೆಯ ಆಶ್ರಯದಲ್ಲಿ ನಾಟಕಮಂಡಲಿ ಹುಟ್ಟಿ, ಬಸವಪ್ಪಶಾಸ್ತ್ರಿಗಳ ಕನ್ನಡ 'ಶಾಕುಂತಲ' ರಂಗವೇರಿತು. ಎರಡು ಕಡೆಯೂ ಹಾಡೇ ನಾಟಕದ ಜೀವ.

ಮುಂದೆ ದಾರಿ ಕವಲೊಡೆಯಿತು. ಇಂಗ್ಲೆಂಡಿನ ಊರೂರಿನಲ್ಲಿ ಹವ್ಯಾಸಿ ಗೀತನಾಟಕ ಸಂಘಗಳು ಆ ಕೃತಿಗಳನ್ನೇ ಕೈಗೆತ್ತಿಕೊಂಡವು. ನಮ್ಮ ಹವ್ಯಾಸಿಗಳಾದರೋ ಹಾಡಿಗೇ ಬೆನ್ನು ತಿರುಗಿಸಿದರು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಕಂಪನಿ ನಾಟಕದಲ್ಲಿ ಸಾಯುವವನೂ ರಾಗಾಲಾಪನೆ ಮಾಡಿ ಸಾಯುವುದನ್ನು ಕಂಡು ಬೇಸತ್ತ ವಿದ್ಯಾವಂತರಿಗೆ ಗದ್ಯವೇ ಹಿತವೆನಿಸಿತು. ಕೈಲಾಸಂ ಅವರ ನಾಟಕಗಳಲ್ಲಿ ನಗೆ ಉಕ್ಕುವುದು ಆಡುಮಾತಿನಿಂದ.

ಹಾಗಿದ್ದೂ ಹಾಡು ಕೈಲಾಸಂ ಅವರನ್ನು ಬಿಡಲಿಲ್ಲ. ಭೂವಿಜ್ಞಾನ ಕಲಿಯಲು ಲಂಡನ್ನಿಗೆ ಹೋದವರು ಅಲ್ಲಿಯ ವಿನೋದಗೀತೆಗಳ ಮಟ್ಟುಗಳನ್ನೂ ಹೊತ್ತು ತಂದರು. 'ಕಾನ್‌ಸ್ಟಾಂಟಿನೋಪಲ್' ಹಾಡಿನ ಧಾಟಿಯಲ್ಲಿ 'ಕೋಳೀಕೆ ರಂಗ' ಹುಟ್ಟಿತು. ಪರದೇಶದ ಮಟ್ಟಿಗೆ ನಮ್ಮ ಹಳ್ಳಿಯವನ ನಾಲಗೆ ಹೊಂದಿಕೊಂಡ ಸೊಗಸು ಅದು.

ಹವ್ಯಾಸಿ ರಂಗಕ್ಕೆ ಹಾಡು ತುಂಬುಗಾಲಿನಲ್ಲಿ ಮರಳಿದ್ದು 1970ರ ದಶಕದಲ್ಲಿ. 1972ರಲ್ಲಿ ಬಿ. ವಿ. ಕಾರಂತರು ಬೆಂಗಳೂರಿನ ಬಯಲಿನಲ್ಲಿ ಕಂಬಾರರ 'ಜೋಕುಮಾರಸ್ವಾಮಿ'ಯನ್ನು ಆಡಿಸಿದರು. ಅನಂತರ 'ಬೆನಕ' ತಂಡಕ್ಕೆ ಜಡಭರತರ 'ಸತ್ತವರ ನೆರಳು' ಮಾಡಿಸಿದಾಗ, ಮಠದ ಡಾಂಭಿಕತೆಯನ್ನು ಬಯಲಿಗೆಳೆಯಲು ದಾಸರ ಪದಗಳೇ ಸಾಧನವಾದವು. ಭಕ್ತಿಯ ಹಾಡೇ ವಿಡಂಬನೆಗೆ ಮೊನೆ ಕೊಟ್ಟಿತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರೂ ಕಾರಂತರೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನ ಬಕ್ಸ್‌ಟನ್ ಪಟ್ಟಣದಲ್ಲಿ 1994ರಲ್ಲಿ ಗಿಲ್ಬರ್ಟ್–ಸಲಿವನ್ ಉತ್ಸವ ಆರಂಭವಾಯಿತು. ಅಲ್ಲಿ ಹವ್ಯಾಸಿ ಸಂಘಗಳು ನೂರು ವರ್ಷ ಹಳೆಯ ಹಾಡನ್ನು ಸ್ವರ ತಪ್ಪದೆ ಹಾಡಬಲ್ಲವು. ಏಕೆಂದರೆ ಮಾತಿನ ಜೊತೆಗೆ ಸ್ವರವೂ ಅಚ್ಚಾಗಿದೆ. ನಮ್ಮ ಮುದ್ರಿತ ನಾಟಕಗಳಲ್ಲಿ ಸಾಮಾನ್ಯವಾಗಿ ಮಾತು ಉಂಟು, ಮಟ್ಟು ಇಲ್ಲ. ಹೆಚ್ಚೆಂದರೆ ರಾಗತಾಳಗಳ ಹೆಸರು. ಮಟ್ಟು ಇರುವುದು ಹಾಡಿದವರ ಕಂಠದಲ್ಲಿ, ಇಲ್ಲವೇ ಧ್ವನಿಮುದ್ರಿಕೆಯಲ್ಲಿ. ಕಾರಂತರು 2002ರಲ್ಲಿ ತೀರಿಕೊಂಡರು. ಅವರೊಡನೆ ಹಾಡಿದವರಿಗೂ ವಯಸ್ಸಾಗುತ್ತಿದೆ.

ಗುರುಮುಖದಿಂದ ಕಲಿಯುವ ಪದ್ಧತಿ ದೊಡ್ಡದು, ಒಪ್ಪತಕ್ಕದ್ದೇ. ಪ್ರತಿ ತಂಡವೂ ಹೊಸ ಮಟ್ಟು ಕಟ್ಟಲಿ ಎನ್ನುವವರ ಮಾತಿನಲ್ಲಿಯೂ ಸತ್ಯವುಂಟು. ಆದರೆ ಹಳೆಯದನ್ನು ಬಲ್ಲವನು ಹೊಸತನ್ನು ಕಟ್ಟಬೇಕು. ನಗೆಯ ಹಾಡಿನಲ್ಲಂತೂ ಅರ್ಧ ನಗೆ ಮಟ್ಟಿನಲ್ಲಿಯೇ ಅಡಗಿರುತ್ತದೆ. ಮಟ್ಟು ಮರೆತರೆ ಉಳಿಯುವುದು ನಗಲಾರದ ಅಕ್ಷರ. ಸ್ವರಲಿಪಿ ಬಲ್ಲ ನಾಲ್ವರು ಹಳೆಯ ನಟರ ಎದುರು ಕುಳಿತು ಬರೆದುಕೊಂಡರೆ ಆಗುವ ಕೆಲಸ ಇದು. ಹಾಡುವವರು ಇರುವಾಗಲೇ ಆಗಬೇಕು.