ಅಸ್ಪಾಸಿಯಾ ಎಂಬ ಹೆಸರು

ಪ್ರಾಚೀನ ಗ್ರೀಕ್ ಕಾವ್ಯದಲ್ಲಿ ‘ಅಸ್ಪಾಸಿಯೊಸ್’ ಎಂಬ ವಿಶೇಷಣವಿದೆ. ಬಯಸಿದ್ದು ಬಂದಾಗ ಮನಸ್ಸು ಹಿಗ್ಗುವ ಸಂತೋಷಕ್ಕೆ ಆ ಪದ. ಹೋಮರನ ‘ಒಡಿಸ್ಸಿ’ಯಲ್ಲಿ, 20 ವರ್ಷಗಳ ಮೇಲೆ ಗಂಡನನ್ನು ಪಡೆದ ಪೆನೆಲೊಪಿಯ ಆನಂದವನ್ನು, ಹಡಗೊಡೆದು ಈಜುವವರು ನೆಲ ಕಂಡಾಗಿನ ಆನಂದಕ್ಕೆ ಹೋಲಿಸುವಾಗ ಕವಿ ಇದನ್ನೇ ಬಳಸುತ್ತಾನೆ.

ಇದರ ಸ್ತ್ರೀಲಿಂಗ ರೂಪ ‘ಅಸ್ಪಾಸಿಯಾ’. ಕ್ರಿ.ಪೂ. 5ನೇ ಶತಮಾನದಲ್ಲಿ ಆ ಹೆಸರಿನ ಹೆಣ್ಣೊಬ್ಬಳು ಮಿಲೆಟಸ್‌ನಿಂದ ಅಥೆನ್ಸಿಗೆ ಬಂದು, ಅಲ್ಲಿನ ನಾಯಕ ಪೆರಿಕ್ಲಿಸನ ಸಂಗಾತಿಯಾದಳು. ಆದರೆ ತಂದೆತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಕ್ಕಳಿಗೆ ಪೌರತ್ವವೆಂಬ ಕಾನೂನನ್ನು ಕ್ರಿ.ಪೂ. 451ರಲ್ಲಿ ತಂದವನು ಅದೇ ಪೆರಿಕ್ಲಿಸ್! ಮೊದಲ ಹೆಂಡತಿಯ ಗಂಡುಮಕ್ಕಳಿಬ್ಬರೂ ಮಹಾಮಾರಿಗೆ ಬಲಿಯಾದ ಮೇಲಷ್ಟೇ ಇವಳ ಮಗನಿಗೆ ಪೌರತ್ವ ಸಿಕ್ಕಿತು.

ಹೆಸರಿನಲ್ಲೇ ಸ್ವಾಗತವಿದ್ದವಳು ಕೊನೆಯವರೆಗೂ ಪರಊರಿನವಳಾಗಿಯೇ ಉಳಿದಳು. ಹೊಸ ಮನೆಯ ಹೊಸ್ತಿಲು ದಾಟಿದ ನಮಗೆ ಇದು ಅರ್ಥವಾಗದ ಮಾತೇ?