ಸೆಣಬು, ಭಂಗಿ ಮತ್ತು ಪ್ರಯೋಗಶಾಲೆಯ ಅಂಕಿ

ಮಂಡ್ಯ ತಾಲ್ಲೂಕಿನ ಬಸರಾಳು, 1234ರಲ್ಲಿ ಹರಿಹರ ದಂಡನಾಯಕನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದಿಂದಾಗಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಊರು. ಆ ಸೀಮೆಯ ರೈತರು ಭತ್ತದ ನಾಟಿಗೆ ಮುಂಚೆ ಅಪ್ಸೆಣಬನ್ನು ಬಿತ್ತಿ, ಅದು ಹೂ ಬಿಡುವ ಹೊತ್ತಿಗೆ ಉತ್ತು ಹಸಿರುಗೊಬ್ಬರ ಮಾಡುವುದುಂಟು. ಈ ಗಿಡದಲ್ಲಿ ಅಮಲಿನ ಅಂಶವಿಲ್ಲ. ಆದರೆ ಇಂಗ್ಲಿಷಿನ ‘ಹೆಂಪ್’ ಎಂಬ ಮಾತನ್ನೂ ನಾವು ‘ಸೆಣಬು’ ಎಂದೇ ಭಾಷಾಂತರಿಸುವುದರಿಂದ, ಸೆಣಬಿನ ಬೆಳೆಯಲ್ಲಿ ಟಿಎಚ್‌ಸಿ ಅಂಶವನ್ನು ಅಳೆಯುವ ನಿಯಮಗಳೆಂಬ ಸುದ್ದಿಯನ್ನು ಓದಿದವನು ಗೊಂದಲಕ್ಕೆ ಸಿಲುಕುವುದು ಸಹಜ. ಆ ನಿಯಮಗಳ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಅಥರ್ವವೇದದಲ್ಲಿ ಶಣ, ಭಂಗ ಎಂಬ ಎರಡು ಹೆಸರುಗಳೂ ದೊರೆಯುತ್ತವೆ. ಭಂಗೆಯನ್ನು ಬೆಳೆಯುವ ಹೊಲಕ್ಕೆ ಸಲ್ಲುವ ಪದವನ್ನು ಪಾಣಿನಿಯು ಸಾಧಿಸಿ ತೋರಿಸಿದ್ದಾನೆ. ಅಂದಮೇಲೆ ಅದು ಹೊಲದ ಬೆಳೆಯಾಗಿತ್ತೆಂಬುದು ಸ್ಪಷ್ಟ. ಕನ್ನಡದಲ್ಲಿ ಸೆಣಬು, ಪುಂಡಿ, ಭಂಗಿ ಎಂಬ ಬೇರೆ ಬೇರೆ ಹೆಸರುಗಳಿದ್ದು, ರೈತನು ಇವುಗಳನ್ನು ಕಣ್ಣಳತೆಯಿಂದಲೇ ವಿಂಗಡಿಸುತ್ತಿದ್ದನು. ಪುಂಡಿಯ ಎಲೆ ಭಂಗಿಯ ಎಲೆಯನ್ನು ಹೋಲುವುದರಿಂದ ಸಸ್ಯಶಾಸ್ತ್ರಜ್ಞರು ಅದಕ್ಕೆ ‘ಕ್ಯಾನಬಿನಸ್’ ಎಂಬ ವಿಶೇಷಣವನ್ನೇ ಕೊಟ್ಟಿರುವರು.

ಕಾನೂನಿಗೆ ಹೆಸರು ಸಾಲದಾಯಿತು. ಅದು ಗಿಡದ ಅಂಗಗಳನ್ನು ಆಶ್ರಯಿಸಿತು. 1961ರ ಅಂತರರಾಷ್ಟ್ರೀಯ ಒಪ್ಪಂದವು ನಾರು ಮತ್ತು ಬೀಜಗಳಿಗಾಗಿ ಮಾಡುವ ಬೇಸಾಯವನ್ನು ತನ್ನ ನಿರ್ಬಂಧದಿಂದ ಹೊರಗಿಟ್ಟಿತು. ಭಾರತದ 1985ರ ಮಾದಕದ್ರವ್ಯ ಕಾಯಿದೆಯು ಅಂಟನ್ನು ಚರಸ್ ಎಂದೂ ಹೂತೆನೆಯನ್ನು ಗಾಂಜಾ ಎಂದೂ ನಿರೂಪಿಸಿ, ತೆನೆಯಿಂದ ಬೇರ್ಪಟ್ಟ ಎಲೆ, ಬೀಜಗಳನ್ನು ಗಾಂಜಾದ ವ್ಯಾಖ್ಯೆಯಿಂದ ಕೈಬಿಟ್ಟಿದೆ. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಭಂಗಿಯ ಮೊಕದ್ದಮೆಯೊಂದರಲ್ಲಿ ಜಾಮೀನು ನೀಡುವಾಗ, ಆ ಪದಾರ್ಥವು ಚರಸ್ ಅಥವಾ ಗಾಂಜಾದಿಂದ ತಯಾರಾದುದೆಂದು ತೋರಿಸುವ ಆಧಾರವಿಲ್ಲವೆಂದು ಗಮನಿಸಿತು. ಅಂಗಭೇದದ ಈ ವಿಚಾರ ಇಂದಿಗೂ ಜೀವಂತವಾಗಿದೆಯೆಂಬುದಕ್ಕೆ ಇದು ನಿದರ್ಶನ.

ಮೂರನೆಯ ಘಟ್ಟ ಅಂಕಿಯದು. ಅಮಲಿನ ಮುಖ್ಯ ಕಾರಣವಾದ ಟೆಟ್ರಾಹೈಡ್ರೊಕ್ಯಾನಬಿನಾಲ್, ಅಂದರೆ ಟಿಎಚ್‌ಸಿಯನ್ನು 1964ರಲ್ಲಿ ಗಾವೊನಿ ಮತ್ತು ಮೆಷೌಲಂ ಎಂಬ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರ್ಧರಿಸಿದರು. 1976ರಲ್ಲಿ ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಸಸ್ಯಶಾಸ್ತ್ರಜ್ಞರು ವರ್ಗೀಕರಣದ ಅನುಕೂಲಕ್ಕಾಗಿ ಶೇಕಡ 0.3ರ ಗೆರೆಯನ್ನೆಳೆದರು. ಅಮಲೇರುವ ಪ್ರಮಾಣ ಇದೇ ಎಂದು ಸಾಧಿಸುವುದು ಅವರ ಗುರಿಯಾಗಿರಲಿಲ್ಲ. ಆದರೂ ಕಾಲಕ್ರಮದಲ್ಲಿ ಕೆನಡಾದ ನಿಯಮಗಳೂ 2018ರ ಅಮೆರಿಕದ ಕೃಷಿ ಕಾಯಿದೆಯೂ ಇದೇ ಅಂಕಿಯನ್ನು ಶಾಸನದ ಗಡಿಯಾಗಿ ಸ್ವೀಕರಿಸಿದವು. ವರ್ಗೀಕರಣದ ಗೆರೆಯೊಂದು ಅಪರಾಧದ ಗೆರೆಯಾದ ಬಗೆ ಇದು.

ಅಂಕಿ ಬಂದಮೇಲೆ ಅಳೆಯುವ ಕ್ರಮವೇ ನಿರ್ಣಾಯಕವಾಯಿತು. ಹಸಿ ಗಿಡದಲ್ಲಿ ಈ ದ್ರವ್ಯ ಬಹುಪಾಲು ಆಮ್ಲರೂಪದಲ್ಲಿದ್ದು ಕಾಯಿಸಿದಾಗ ಮಾರ್ಪಡುತ್ತದೆ. ಆದುದರಿಂದ ಆಮ್ಲದ ತೂಕವನ್ನು 0.877ರಿಂದ ಗುಣಿಸಿ, ಟಿಎಚ್‌ಸಿಗೆ ಕೂಡಿಸಿ, ಒಟ್ಟು ಮೊತ್ತವನ್ನು ಲೆಕ್ಕಹಾಕುವರು. ಹೂ ಬಲಿತಂತೆ ಪ್ರಮಾಣ ಏರುವುದರಿಂದ ಮಾದರಿ ತೆಗೆಯುವ ದಿನವೂ ಮುಖ್ಯ. ಅಮೆರಿಕದಲ್ಲಿ 2019ರ ತಾತ್ಕಾಲಿಕ ನಿಯಮ ಕೊಯ್ಲಿಗೆ ಮುಂಚಿನ 15 ದಿನಗಳನ್ನು ಗೊತ್ತುಮಾಡಿತ್ತು. ರೈತರ ಆಕ್ಷೇಪಣೆಗಳ ತರುವಾಯ 2021ರ ನಿಯಮ ಅದನ್ನು 30ಕ್ಕೆ ಏರಿಸಿತು. ಉಪಕರಣದ ಅಳತೆಯಲ್ಲಿರುವ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ವಿಧಿಸಲಾಯಿತು. ಒಂದೇ ಹೊಲದ ಬೆಳೆ ಒಂದು ವಾರ ಮುಂಚೆ ಸಕ್ರಮವಾಗಿದ್ದು, ಒಂದು ವಾರ ತಡವಾದರೆ ಅಕ್ರಮವಾಗಬಹುದು.

ನಮ್ಮ 1985ರ ಕಾಯಿದೆಯ 14ನೆಯ ಪ್ರಕರಣವು ನಾರು, ಬೀಜಗಳಿಗಾಗಿ ಬೇಸಾಯಕ್ಕೆ ಅನುಮತಿ ನೀಡಲು ಸರ್ಕಾರಕ್ಕೆ ಅಧಿಕಾರವಿತ್ತಿದೆ; ಶೇಕಡಾವಾರು ಮಿತಿಯನ್ನು ಮಾತ್ರ ಅದು ಹೇಳಿಲ್ಲ. ಉತ್ತರಾಖಂಡವು 2018ರಲ್ಲಿ 0.3ರ ಮಿತಿಯೊಡನೆ ಪರವಾನಗಿ ನೀಡಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಬೀಜವನ್ನು ಆಹಾರವೆಂದು ಒಪ್ಪಿ, ಕಿಲೋಗ್ರಾಂ ಬೀಜದಲ್ಲಿ 5 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಕೂಡದೆಂದು ವಿಧಿಸಿತು.

ಹೆಸರು, ಅಂಗ, ಅಂಕಿ ಎಂಬ ಈ ಮೂರು ಘಟ್ಟಗಳಲ್ಲಿ ಸಾಕ್ಷ್ಯದ ಅಧಿಕಾರವು ರೈತನ ಕಣ್ಣಿನಿಂದ ಪ್ರಯೋಗಶಾಲೆಗೆ ಸಾಗಿರುವುದು ಕಂಡುಬರುತ್ತದೆ. ಸೆಣಬನ್ನೂ ಭಂಗಿಯನ್ನೂ ರೈತನು ನೋಡಿ ಬೇರ್ಪಡಿಸಬಲ್ಲನು, 0.3ನ್ನೂ 0.4ನ್ನೂ ಅವನು ನೋಡಲಾರನು. ಆದುದರಿಂದ ಮಿತಿಯನ್ನು ವಿಧಿಸುವ ಸರ್ಕಾರವು ಮಾದರಿಯ ದಿನ, ಅಳೆಯುವ ಕ್ರಮ, ಮರುಪರೀಕ್ಷೆಯ ಹಕ್ಕು ಇವುಗಳನ್ನು ಬಿತ್ತನೆಗೆ ಮುಂಚೆಯೇ ಅವನಿಗೆ ತಿಳಿಸಬೇಕಾದುದು ನ್ಯಾಯವೆಂದು ನಮ್ಮ ಅಭಿಪ್ರಾಯ.