ಮೂವತ್ತಾರು ಕಾರುಗಳು

ಕೊಂಡ ವಸ್ತು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ ಎಂಬುದು ನಾವೆಲ್ಲ ಬಲ್ಲ ಲೆಕ್ಕ. ಹೊಲ, ನಿವೇಶನ, ಚಿನ್ನ ಇವುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಹೀಗೆಯೇ. ಅದರಲ್ಲೂ ಕಾರಂತೂ ಷೋರೂಮಿನ ಬಾಗಿಲು ದಾಟಿದ ದಿನವೇ ಹಳೆಯದು. ಹೀಗಿರುವಾಗ, 1962ರಲ್ಲಿ ತಯಾರಾದ ಒಂದು ಕಾರು 2018ರಲ್ಲಿ ಅಮೆರಿಕದ ಮಾಂಟೆರೆ ಎಂಬಲ್ಲಿ ನಡೆದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತೆಂದರೆ ನಂಬುವುದು ಹೇಗೆ? ಆ ದಿನಗಳ ನಮ್ಮ ಹಣದಲ್ಲಿ ಅದು ಮುನ್ನೂರು ಕೋಟಿ ರೂಪಾಯಿಗೂ ಮೇಲೆ. ಅಷ್ಟು ಕೊಟ್ಟು ಕೊಂಡ ಕಾರಿನಲ್ಲಿ ರೇಡಿಯೋ ಇಲ್ಲ, ಹಿಂದೆ ಕೂರಲು ಸೀಟಿಲ್ಲ, ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆಂದು ತೋರಿಸುವ ಸ್ಪೀಡೋಮೀಟರ್ ಕೂಡ ಇಲ್ಲ. ಮನೆಮಂದಿಯೆಲ್ಲ ಕೂತು ಒಂದು ಧರ್ಮಸ್ಥಳಕ್ಕೆ ಹೋಗಿಬರುವ ಹಾಗೂ ಇಲ್ಲ!

ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳು. ಕಾರು ಓಡಿಸಲು ಬಾರದು, ಅದರ ಬಾನೆಟ್ಟಿನ ಕೆಳಗೆ ಏನಿದೆಯೆಂದು ಇಣುಕಿದವಳೂ ಅಲ್ಲ. ಆದರೆ ಒಂದು ವಸ್ತುವಿಗೆ ಬೆಲೆ ಎಲ್ಲಿಂದ ಹುಟ್ಟುತ್ತದೆ, ಅದನ್ನು ಕಟ್ಟುವವರು ಯಾರು ಎಂಬುದು ಇತಿಹಾಸದ ಪ್ರಶ್ನೆಯೂ ಹೌದು. ಹಾಗೆಂದೇ ಈ ಕಾರಿನ ಬೆನ್ನು ಹತ್ತಿದೆ.

ಇಟಲಿಯ ಫೆರಾರಿ ಕಂಪನಿಯ ಈ ಕಾರಿನ ಹೆಸರು 250 ಜಿಟಿಓ. ಇದರ ಎಂಜಿನ್ನಿಗೆ ಹನ್ನೆರಡು ಸಿಲಿಂಡರುಗಳು. ಒಂದೊಂದರ ಅಳತೆ ಸುಮಾರು 250 ಸಿ.ಸಿ. ಅದಕ್ಕೇ ಆ ಅಂಕಿ. ಕೊನೆಯ 'ಓ' ಅಕ್ಷರ 'ಒಮೊಲೊಗಾತೊ' ಎಂಬ ಇಟಾಲಿಯನ್ ಮಾತಿನದು. ಪಂದ್ಯಕ್ಕೆ ಒಪ್ಪಿಗೆ ಪಡೆದದ್ದು ಎಂದು ಅರ್ಥ. ಆ ಒಪ್ಪಿಗೆಯ ಕಥೆಯೇ ಒಂದು ತಮಾಷೆ. ನಿಯಮದ ಪ್ರಕಾರ ಇಂಥ ಕಾರುಗಳನ್ನು ನೂರಾದರೂ ತಯಾರಿಸಿರಬೇಕಿತ್ತು. ಇದು ಹೊಸ ಕಾರೇ ಅಲ್ಲ, ನಮ್ಮ ಹಳೆಯ 250 ಜಿಟಿಯ ತಿದ್ದಿದ ರೂಪ ಎಂದು ಫೆರಾರಿ ವಾದಿಸಿ ಒಪ್ಪಿಗೆ ಪಡೆಯಿತು. 1962ರಿಂದ 1964ರವರೆಗೆ ಮಾಡಿದ್ದು 36 ಮಾತ್ರ. ಆ ಮೂರು ವರ್ಷವೂ ತನ್ನ ವರ್ಗದ ವಿಶ್ವ ಪ್ರಶಸ್ತಿ ಈ ಕಾರಿನದೇ ಆಯಿತು.

ಕಾರಿನ ಕೆಲಸ ಅರ್ಧದಲ್ಲಿದ್ದಾಗ, 1961ರ ಕೊನೆಯಲ್ಲಿ, ಕಂಪನಿಯಲ್ಲಿ ದೊಡ್ಡ ಜಗಳವಾಯಿತು. ಇದನ್ನು ರೂಪಿಸುತ್ತಿದ್ದ ಎಂಜಿನಿಯರ್ ಜಿಯೊಟ್ಟೊ ಬಿಜ್ಜಾರಿನಿ ಸೇರಿದಂತೆ ಹಿರಿಯರ ಒಂದು ಗುಂಪೇ ಹೊರನಡೆಯಿತು. ಉಳಿದ ಕೆಲಸ 26 ವರ್ಷದ ಮಾರೊ ಫೋರ್ಗಿಯೇರಿಯ ತಲೆಯ ಮೇಲೆ ಬಿತ್ತು. ಈ ಜಗಳಕ್ಕೆ ಕಾರಣವೆಂದು ಪುಸ್ತಕಗಳು ಬೆರಳು ತೋರುವುದು ಒಬ್ಬ ಹೆಂಗಸಿನತ್ತ. ಆಕೆ ಮಾಲೀಕ ಎನ್ಜೊ ಫೆರಾರಿಯ ಹೆಂಡತಿ ಲಾರಾ. ಆಕೆ ಕಾರ್ಖಾನೆಯ ವ್ಯವಹಾರದಲ್ಲಿ ತಲೆಹಾಕುತ್ತಿದ್ದಳು, ಹಿರಿಯರಿಗೆ ಅದು ಸಹಿಸಲಿಲ್ಲ ಎಂದು ಬರೆಯುತ್ತಾರೆ. ಇರಬಹುದು. ಆದರೆ ಆ ದಂಪತಿಗಳ ಒಬ್ಬನೇ ಮಗ ಡೀನೊ 1956ರಲ್ಲಿ, 24ರ ವಯಸ್ಸಿಗೇ ಕಾಯಿಲೆಯಿಂದ ತೀರಿಹೋಗಿದ್ದ. ಮಗನನ್ನು ಕಳೆದುಕೊಂಡ ತಾಯಿ ಮನೆಯಲ್ಲಿ ಸುಮ್ಮನೆ ಕೂರಲಾರದೆ ಕಾರ್ಖಾನೆಗೆ ಬಂದಿದ್ದರೆ ಅದನ್ನು ತಲೆಹಾಕುವುದು ಎನ್ನಬೇಕೆ? ಇದು ನನ್ನ ಊಹೆ ಮಾತ್ರ. ಕಾರಿನ ನಟ್ಟು ಬೋಲ್ಟುಗಳನ್ನೆಲ್ಲ ಲೆಕ್ಕವಿಟ್ಟ ಇತಿಹಾಸದಲ್ಲಿ ಆಕೆಗೆ ಸಿಕ್ಕಿದ್ದು ಒಂದೆರಡು ಸಾಲು, ಅದೂ ದೂರು.

ಕಾರಿನ ಮೈಯನ್ನು ಮಾಡಿದವರು ಮೊಡೆನಾ ಊರಿನ ಸ್ಕಾಲಿಯೆಟ್ಟಿಯವರ ಕೆಲಸಗಾರರು. ಅಲ್ಯುಮಿನಿಯಂ ಹಾಳೆಯನ್ನು ಸುತ್ತಿಗೆಯಲ್ಲಿ ಬಡಿದು ಬಡಿದು ಉಬ್ಬುತಗ್ಗು ತರುತ್ತಿದ್ದರು. ನಮ್ಮ ಕಂಚುಗಾರರು ಬಡಿದ ಎರಡು ಕೊಡಗಳು ಒಂದೇ ಥರ ಇರುವುದಿಲ್ಲವಲ್ಲ, ಹಾಗೆಯೇ ಇಲ್ಲೂ ಒಂದು ಕಾರಿನ ಹಾಗೆ ಇನ್ನೊಂದಿಲ್ಲ. ಅಮೆರಿಕದಲ್ಲಿ ಆಗಿನ ಬೆಲೆ ಸುಮಾರು 18,000 ಡಾಲರು. ದುಡ್ಡಿದ್ದರೆ ಸಾಲದು, ಕೊಳ್ಳುವವರು ಯಾರೆಂದು ನೋಡಿ ಎನ್ಜೊ ಫೆರಾರಿಯೇ ಒಪ್ಪಬೇಕಿತ್ತು.

ಇಷ್ಟು ಪ್ರತಿಷ್ಠೆಯ ಕಾರು ಎರಡು ಮೂರು ವರ್ಷಗಳಲ್ಲಿ ಮೂಲೆಗೆ ಬಿತ್ತು. ಹೊಸ ಮಾದರಿಗಳು ಬಂದವು. ಪಂದ್ಯದಲ್ಲಿ ಗೆಲ್ಲದ ಪಂದ್ಯದ ಕಾರು ಯಾರಿಗೆ ಬೇಕು? ಈಗ ನಾನು ಹೇಳಬೇಕೆಂದಿದ್ದ ಕಥೆಗೆ ಬರುತ್ತೇನೆ. 3589 ಎಂಬ ನಂಬರಿನ ಜಿಟಿಓ ಒಂದು ಇಂಗ್ಲೆಂಡಿನಲ್ಲಿ ಪಂದ್ಯಗಳನ್ನಾಡಿ, ಅಮೆರಿಕದ ಟೆಕ್ಸಸ್ ರಾಜ್ಯದ ಒಂದು ರೇಸಿಂಗ್ ತಂಡದ ಕೈಸೇರಿತ್ತು. 1964ರಲ್ಲಿ ಆ ತಂಡದ ಮಾಲೀಕರು ಅದನ್ನು ವಿಕ್ಟೋರಿಯಾ ಎಂಬ ತಮ್ಮ ಊರಿನ ಹೈಸ್ಕೂಲಿಗೆ ದಾನ ಕೊಟ್ಟರು. ಆ ಶಾಲೆಯಲ್ಲಿ ಹುಡುಗರಿಗೆ ಮೋಟಾರು ರಿಪೇರಿ ಕಲಿಸುವ ತರಗತಿಯಿತ್ತು. ಇಂದು ಗಾಜಿನ ಹಿಂದೆ ನಿಲ್ಲಿಸಿ ಕೈಮುಗಿಯುವಂಥ ಕಾರು ಆಗ ಅವರ ಪಾಠದ ಸಾಮಾನು!

ಎಂಟು ವರ್ಷ ಅದು ಶಾಲೆಯಲ್ಲಿತ್ತು. 1972ರಲ್ಲಿ ಶಾಲೆಯವರು ಮುಚ್ಚಿದ ಲಕೋಟೆಯ ಟೆಂಡರು ಕರೆದು 6,500 ಡಾಲರಿಗೆ ಮಾರಿದರು. ಆಗಿನ ಸುಮಾರು ಐವತ್ತು ಸಾವಿರ ರೂಪಾಯಿ. ಇದನ್ನು ಓದಿದಾಗ ನನಗೆ ನಗು ಬಂತು. ಮುರಿದ ಬೆಂಚು, ತುಕ್ಕು ಹಿಡಿದ ಕಿಟಕಿ ಸರಳು, ಓಡದ ಗೋಡೆ ಗಡಿಯಾರ ಇವನ್ನೆಲ್ಲ ಪಟ್ಟಿ ಮಾಡಿ, ಲಕೋಟೆ ಒಡೆದು, ಹೆಚ್ಚು ಬರೆದವರಿಗೆ ಕೊಟ್ಟು, ರಸೀತಿ ಹರಿದು ಸಹಿ ಹಾಕುವ ಕೆಲಸ ನಾನೂ ಎಷ್ಟೋ ಸಲ ಮಾಡಿದ್ದೇನೆ. ಆ ಶಾಲೆಯವರೂ ನಿಯಮದಂತೆ ನಡೆದರು. ಅಂದಿನ ಬೆಲೆ ಅಷ್ಟೇ ಇತ್ತು. ಕೊಂಡವರು ಅದನ್ನು ಒಹಾಯೋ ರಾಜ್ಯಕ್ಕೆ ಒಯ್ದು ಒಂದು ಟ್ರೇಲರಿನ ಮೇಲೆ ಬಯಲಿನಲ್ಲಿ ಬಿಟ್ಟರು. ಹದಿನಾಲ್ಕು ಹದಿನೈದು ವರ್ಷ ಅದು ಮಳೆ, ಬಿಸಿಲು, ಹಿಮದಲ್ಲಿ ನಿಂತಿತ್ತು. ದಾರಿಹೋಕರಿಗೆ ಅದು ಗುಜರಿ.

ಇತ್ತ ಅದರ ಅಣ್ಣತಮ್ಮಂದಿರ ಬೆಲೆ ನಿಧಾನವಾಗಿ ಏರುತ್ತಿತ್ತು. ಪಿಂಕ್ ಫ್ಲಾಯ್ಡ್ ಎಂಬ ಸಂಗೀತ ತಂಡದ ಡ್ರಮ್ ವಾದಕ ನಿಕ್ ಮೇಸನ್ 1977ರಲ್ಲಿ ಒಂದು ಜಿಟಿಓ ಕೊಂಡಾಗ ಕೊಟ್ಟದ್ದು ನಲವತ್ತು ಸಾವಿರ ಪೌಂಡಿಗಿಂತ ಕಡಿಮೆ. 1989ರ ಹೊತ್ತಿಗೆ ಒಂದರ ಬೆಲೆ ಒಂದು ಕೋಟಿ ಡಾಲರನ್ನು ದಾಟಿತು. ಕೊಂಡವರಲ್ಲಿ ಬಹಳ ಮಂದಿ ಕಾರಿನ ಮೇಲಿನ ಪ್ರೀತಿಗಿಂತ ಲಾಭದ ಆಸೆಯಿಂದ ಬಂದವರು. 1990ರ ನಂತರ ಮಾರುಕಟ್ಟೆ ಕುಸಿದು ಬೆಲೆ ಮೂರರಲ್ಲಿ ಒಂದು ಪಾಲಿಗೂ ಕೆಳಗಿಳಿಯಿತು. ಚೀಟಿ ಹಾಕಿ ಕೈಸುಟ್ಟುಕೊಂಡವರ ಮುಖಗಳು ನನಗೆ ನೆನಪಾದವು. ತಡೆದುಕೊಂಡು ಇಟ್ಟುಕೊಂಡವರಿಗೆ ಮಾತ್ರ ಮುಂದೆ ಬೆಲೆ ಹತ್ತಾರು ಪಟ್ಟಾಗಿ ಮರಳಿತು.

ಕಾರು ಅದೇ, ಲೋಹ ಅದೇ. ಬೆಳೆದದ್ದು ಏನು? ಮೂವತ್ತಾರೇ ಇರುವುದು ಒಂದು ಕಾರಣ. ಇನ್ನೊಂದು, ಕಾಗದಪತ್ರ. ಯಾವ ಪಂದ್ಯದಲ್ಲಿ ಓಡಿತು, ಓಡಿಸಿದವರು ಯಾರು, ಎಲ್ಲಿ ಗುದ್ದಿಕೊಂಡಿತು, ಎಂಜಿನ್ ಮೊದಲಿನದೇ ಬದಲಾಯಿಸಿದ್ದೇ ಎಂಬುದನ್ನೆಲ್ಲ ಚಾಸಿಸ್ ನಂಬರು ಹಿಡಿದು ಜಾತಕದ ಹಾಗೆ ಬರೆದಿಡುತ್ತಾರೆ. ಕಥೆ ಖಚಿತವಾದಷ್ಟೂ ಬೆಲೆ ಜಾಸ್ತಿ. 2019ರಲ್ಲಿ ಇಟಲಿಯ ಬೊಲೋನ್ಯಾದ ನ್ಯಾಯಾಲಯವು ಈ ಕಾರಿನ ರೂಪವನ್ನು ಕಲಾಕೃತಿಯೆಂದೇ ಒಪ್ಪಿ, ಬೇರೆಯವರು ನಕಲು ಮಾಡದಂತೆ ತಡೆಯಿತು.

ಇದನ್ನೂ ಮೀರಿಸಿದ ಬೆಲೆಯೊಂದಿದೆ. 1955ರಲ್ಲಿ ಜರ್ಮನಿಯ ಮರ್ಸಿಡಿಸ್ ಕಂಪನಿ ಎರಡೇ ಎರಡು ಊಲನ್‌ಹೌಟ್ ಕಾರುಗಳನ್ನು ಮಾಡಿತ್ತು. ಆ ವರ್ಷ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಅದೇ ಕಂಪನಿಯ ಇನ್ನೊಂದು ಕಾರು ಸಿಡಿದು ಜನರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ವರ್ಷದ ಕೊನೆಗೆ ಮರ್ಸಿಡಿಸ್ ಪಂದ್ಯಗಳಿಂದಲೇ ಹಿಂದೆ ಸರಿಯಿತು. ಈ ಎರಡು ಕಾರುಗಳು ಪಂದ್ಯವನ್ನೇ ಕಾಣಲಿಲ್ಲ. ಅವುಗಳಲ್ಲಿ ಒಂದು 2022ರಲ್ಲಿ 13 ಕೋಟಿ 50 ಲಕ್ಷ ಯೂರೋಗೆ ಮಾರಾಟವಾಯಿತು. ಸಾವಿರ ಕೋಟಿ ರೂಪಾಯಿಗೂ ಹೆಚ್ಚು! ಬಂದ ಹಣವನ್ನು ವಿದ್ಯಾರ್ಥಿವೇತನದ ನಿಧಿಗೆ ಇಡುವುದಾಗಿ ಕಂಪನಿ ಹೇಳಿತು. ಅಷ್ಟರಮಟ್ಟಿಗೆ ಒಬ್ಬ ಟೀಚರಾಗಿ ನನಗೆ ಸಮಾಧಾನ.

ಇಂಥ ಕಾರುಗಳ ಒಡೆಯರಲ್ಲಿ ಕೆಲವರು, ನಾವು ಮಾಲೀಕರಲ್ಲ, ಮುಂದಿನವರಿಗೆ ದಾಟಿಸುವ ತನಕ ನೋಡಿಕೊಳ್ಳುವವರು ಎಂದು ಹೇಳಿಕೊಳ್ಳುವುದುಂಟು. ಕೋಟಿಗಟ್ಟಲೆ ಇದ್ದವರು ಹೇಳಿದರೆ ಅದು ದೊಡ್ಡ ಮಾತಾಗುತ್ತದೆ. ಅತ್ತೆ ಕೊಟ್ಟ ಅವಲಕ್ಕಿ ಸರವನ್ನು ವರ್ಷಕ್ಕೆರಡು ಸಲ ಹಾಕಿಕೊಂಡು, ಉಳಿದ ದಿನ ಲಾಕರಿನಲ್ಲಿಟ್ಟು ಸೊಸೆಗೋ ಮಗಳಿಗೋ ದಾಟಿಸುವ ನಾವು ಅದನ್ನು ಹೇಳದೆಯೇ ಮಾಡುತ್ತ ಬಂದಿದ್ದೇವೆ. ಕಷ್ಟ ಬಂದಾಗ ಅದನ್ನು ಅಡವಿಡುವವರೂ ನಾವೇ, ಬಿಡಿಸಿ ತರುವವರೂ ನಾವೇ.

3589 ನಂಬರಿನ ಕಾರನ್ನು 1980ರ ದಶಕದ ಕೊನೆಗೆ ಬಯಲಿನಿಂದ ಎತ್ತಿ, ರಿಪೇರಿ ಮಾಡಿ, ಮತ್ತೆ ಓಡುವಂತೆ ಮಾಡಿದರು. ಅದರ ಜಾತಕದಲ್ಲಿ ಓಡಿಸಿದವರ ಹೆಸರುಗಳಿವೆ, ಕೊಂಡವರ ಹೆಸರುಗಳಿವೆ, ಶಾಲೆಯ ಹೆಸರೂ ಇದೆ. ಅದರ ಬಾನೆಟ್ಟು ಎತ್ತಿ ಪಾಠ ಹೇಳಿದ ಮೇಷ್ಟರ ಹೆಸರಾಗಲಿ, ಕೈಗೆ ಗ್ರೀಸು ಮೆತ್ತಿಕೊಂಡ ಹುಡುಗರ ಹೆಸರಾಗಲಿ ನಾನು ಓದಿದ್ದರಲ್ಲಿ ಎಲ್ಲೂ ಸಿಗಲಿಲ್ಲ. ಆ ಹುಡುಗರು ಈಗ ಎಪ್ಪತ್ತರ ಆಸುಪಾಸಿನ ಅಜ್ಜಂದಿರು. ಅರವತ್ತು ವರ್ಷಗಳಲ್ಲಿ ಆ ಕಾರು ಯಾರ ಯಾರ ಕೈಯಲ್ಲೋ ಇತ್ತು. ನಾಲ್ಕು ಜನಕ್ಕೆ ಹೊಟ್ಟೆಪಾಡಿನ ವಿದ್ಯೆ ಕಲಿಸಿದ್ದು ಆ ಎಂಟು ವರ್ಷ ಮಾತ್ರ. ಹರಾಜಿನವರು ಅದಕ್ಕೆ ಎಷ್ಟು ಹಿಡಿಯುತ್ತಾರೋ ಏನೋ. ನನ್ನ ಲೆಕ್ಕದಲ್ಲಿ ಅದರ ಒಳ್ಳೆಯ ದಿನಗಳು ಅವೇ.